ಕಡಲಾಚೆಯಿಂದ ಊರಿಗೆ ಮರಳಿದವರು

೧

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ ಬೈರಕೂರೆಂಬುದು ಒಂದು ಹೋಬಳಿ. ಕನ್ನಡನಾಡು ಮೂಡಲಲ್ಲಿ ಮುಗಿಯುವ ಅಂಚು ಅದು. ಮುಳಬಾಗಿಲೆಂಬ ಹೆಸರೇ ‘ಮೂಡಲ ಬಾಗಿಲು’ ಎಂಬುದರಿಂದ ಬಂದುದೆಂದು ವಾಚಕರು ಬಲ್ಲರು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಪೂರ್ವದ ಎಲ್ಲೆಯೆಂದು ಹೆಸರಿಸುವ ನಂಗಲಿಯು ಇಲ್ಲಿಗೆ ಸಮೀಪದಲ್ಲಿಯೇ ಇರುವುದು. ಕೋಲಾರದಿಂದ ಹೊರಟ ದಾರಿಯು ಮುಳಬಾಗಿಲನ್ನೂ ನಂಗಲಿಯನ್ನೂ ಹಾದು, ಪಲಮನೇರು, ಚಿತ್ತೂರುಗಳ ಮೂಲಕ ಮದರಾಸಿನ ರೇವನ್ನು ಮುಟ್ಟುತ್ತದೆ. ಇಲ್ಲಿಯ ಮನೆಗಳಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ.

ಬಾಗಿಲೆಂಬುದು ಹೊರಗೆ ಹೋಗುವುದಕ್ಕೆ ಹೇಗೋ ಒಳಗೆ ಬರುವುದಕ್ಕೂ ಹಾಗೆಯೇ ಉಂಟಾದುದು. ನಮ್ಮ ಚರಿತ್ರಕಾರರು ಹೋದವರ ಲೆಕ್ಕವನ್ನು ಅಷ್ಟಿಷ್ಟು ಇಟ್ಟಿದ್ದಾರೆ. ಮರಳಿ ಬಂದವರನ್ನು ಕುರಿತು ಹೇಳಿದುದು ಅಲ್ಪ. ಪರದೇಶದಲ್ಲಿ ಬದುಕು ನೆಲೆಗೊಳ್ಳದೆ ಊರಿಗೆ ಹಿಂದಿರುಗಲು ನಿಶ್ಚಯಿಸಿದವರ ಆ ನಿಶ್ಚಯವು ಎಂತಹುದು, ಅದನ್ನು ಮಾಡಿಸಿದವು ಯಾವುವು, ಊರು ಅವರನ್ನು ಹೇಗೆ ಕಂಡಿತು, ಈ ಅನುಭವಕ್ಕೆ ನಮ್ಮ ಭಾಷೆಯಲ್ಲಿಯೂ ಸಾಹಿತ್ಯದಲ್ಲಿಯೂ ಇರುವ ಮಾತುಗಳೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶವು.

೨

ಮೊದಲು ಮಾತುಗಳನ್ನು ನೋಡೋಣ. ಊರು ಬಿಡುವುದಕ್ಕೆ ಕನ್ನಡದಲ್ಲಿ ಒಂದೇ ಶಬ್ದವಿಲ್ಲ. ಬರ ಬಂದಾಗ ಮಕ್ಕಳು ಮರಿ, ದನಕರು, ಪಾತ್ರೆ ಪಡಗಗಳೊಡನೆ ಹೊರಡುವುದು ‘ಗುಳೆ’. ಮಳೆ ಬಂದರೆ ತಿರುಗಿ ಬರುವೆವೆಂಬ ಎಣಿಕೆಯು ಆ ಮಾತಿನೊಳಗೆಯೇ ಅಡಗಿದೆ. ಗುಳೆ ಹೋದವನ ಮನೆಗೆ ಬೀಗವಿರುತ್ತದೆ, ಹೊಲಕ್ಕೆ ಗುರುತಿರುತ್ತದೆ. ‘ವಲಸೆ’ಯು ದಂಡಿನ ಭಯದಿಂದಲೋ ಬೇರೊಂದು ಉಪದ್ರವದಿಂದಲೋ ನೆಲೆಯನ್ನೇ ಬದಲಿಸುವ ಮಾತು. ‘ದೇಶಾಂತರ’ವು ಕಾಶೀಯಾತ್ರೆ ಹೊರಟವನಿಗೂ ಮನೆಯಲ್ಲಿ ಮುನಿದು ಹೋದವನಿಗೂ ಸಲ್ಲುತ್ತದೆ. ಇವುಗಳೆಲ್ಲಕ್ಕಿಂತ ವಿಚಾರಾರ್ಹವಾದುದು ‘ಪರದೇಶಿ’ ಎಂಬುದು. ಸಂಸ್ಕೃತದ ಅರ್ಥದಂತೆ ಅದು ಅನ್ಯದೇಶದವನು ಎಂದಷ್ಟೇ. ಕನ್ನಡದ ಬಾಯಿಯಲ್ಲಾದರೋ ದಿಕ್ಕಿಲ್ಲದವನು, ಹೇಳಕೇಳುವವರಿಲ್ಲದವನು ಎಂಬ ಅರ್ಥವನ್ನು ಪಡೆದಿದೆ. ತಂದೆತಾಯಿಗಳು ಸತ್ತ ಕೂಸನ್ನು ಅದು ಹುಟ್ಟಿದ ಬೀದಿಯಲ್ಲಿಯೇ ಪರದೇಶಿಯೆಂದು ಕರೆಯುತ್ತಾರೆ. ದೇಶವೆಂಬುದು ನೆಲಕ್ಕಿಂತ ಹೆಚ್ಚಾಗಿ ಜನವೆಂದು ನಮ್ಮ ಹಿರಿಯರು ತಿಳಿದಿದ್ದರೆನ್ನಲು ಈ ಒಂದು ಶಬ್ದವೇ ಸಾಕು. ಕಡಲಾಚೆಯಿಂದ ಬಂದವರ ಕಥೆಯಲ್ಲಿ ಈ ಅರ್ಥವು ಎಷ್ಟು ಕಠಿನವಾಗಿ ನಿಜವಾಯಿತೆಂಬುದನ್ನು ಮುಂದೆ ಕಾಣುವೆವು.

೩

ಗುಲಾಮಗಿರಿಯು ಬ್ರಿಟಿಷ್ ಸಾಮ್ರಾಜ್ಯದಲ್ಲಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ೧೮೩೪ರಿಂದ ಮಾರಿಷಸ್ಸಿಗೂ, ೧೮೩೮ರಿಂದ ಬ್ರಿಟಿಷ್ ಗಯಾನಕ್ಕೂ, ೧೮೬೦ರಿಂದ ದಕ್ಷಿಣ ಆಫ್ರಿಕದ ನೆಟಾಲಿಗೂ, ೧೮೭೯ರಿಂದ ಫಿಜಿಗೂ ಕರಾರಿನ ಮೇಲೆ ಕೂಲಿಗಳನ್ನು ಸಾಗಿಸಿದರು. ಅಗ್ರಿಮೆಂಟೆಂಬ ಆ ಕರಾರೇ ಜನರ ಬಾಯಿಯಲ್ಲಿ ‘ಗಿರ್ಮಿಟ್’ ಆಯಿತು. ನೆಟಾಲಿಗೆ ಮೊದಲ ತಂಡವನ್ನು ಒಯ್ದ ‘ಟ್ರೂರೋ’ ಎಂಬ ಹಡಗು ಮದರಾಸಿನಿಂದಲೇ ಹೊರಟು ೧೮೬೦ನೆಯ ನವೆಂಬರ್ ೧೬ರಂದು ಡರ್ಬನ್ನನ್ನು ಸೇರಿತು. ೧೯೧೧ರಲ್ಲಿ ಆ ಸಾಗಣೆ ನಿಲ್ಲುವಷ್ಟರಲ್ಲಿ ನೆಟಾಲಿಗೆ ಹೋದವರು ೧,೫೨,೧೮೪ ಮಂದಿ. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮದರಾಸಿನ ರೇವಿನಿಂದ ಹಡಗು ಹತ್ತಿದವರು.

ಹಡಗಿನ ಪಟ್ಟಿಗಳಲ್ಲಿ ಪ್ರತಿಯೊಬ್ಬನ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಮೈಮೇಲಿನ ಗುರುತು, ಜಿಲ್ಲೆ, ತಾಲ್ಲೂಕು, ಗ್ರಾಮಗಳನ್ನು ಬರೆದಿರುವರು. ದಕ್ಷಿಣದ ಜಿಲ್ಲೆಗಳಲ್ಲಿ ಅತಿ ಹೆಚ್ಚಾಗಿ ಕಾಣುವವುಗಳಲ್ಲಿ ಉತ್ತರ ಆರ್ಕಾಡು ಒಂದು; ಮೈಸೂರು ಸೀಮೆಯ ಹೆಸರೂ ಆ ಪಟ್ಟಿಗಳಲ್ಲಿದೆ. ಚಿತ್ತೂರು ಜಿಲ್ಲೆಯು ೧೯೧೧ರಲ್ಲಿ ಬೇರೆಯಾಗುವವರೆಗೆ ಪಲಮನೇರು ಉತ್ತರ ಆರ್ಕಾಡಿಗೇ ಸೇರಿದ್ದಿತು. ಎಂದರೆ ಬೈರಕೂರಿನ ಗಡಿಯಾಚೆಯ ನೆರೆಯ ಸೀಮೆಯೇ ಕೂಲಿಗಳನ್ನು ಹೆಚ್ಚಾಗಿ ಕೊಟ್ಟ ಜಿಲ್ಲೆ. ಒಂದೇ ದಾರಿ, ಒಂದೇ ಸಂತೆ, ಒಂದೇ ಬೀಗತನಗಳ ಈ ಊರುಗಳಲ್ಲಿ ಆಳು ಕೂಡಿಸುವವನ ಮಾತು ಗಡಿಯ ಕಲ್ಲಿನ ಬಳಿ ನಿಂತಿತೆನ್ನಲಾಗದು.

ಆ ಮಾತಿಗೆ ಜನ ಕಿವಿಗೊಟ್ಟುದೇಕೆ? ಕೋಲಾರವು ಜೀವನದಿಯಿಲ್ಲದ ಜಿಲ್ಲೆ. ನಂದಿಯ ಕಡೆಯಲ್ಲಿ ಹುಟ್ಟುವ ಪಾಲಾರಿನ ಹೆಸರಷ್ಟೇ ದೊಡ್ಡದು. ಕೆರೆ ತುಂಬಿದರೆ ಅನ್ನ, ಇಲ್ಲದಿದ್ದರೆ ಗುಳೆ. ೧೮೭೬–೭೮ರ ಮಹಾಕ್ಷಾಮದ ಹಿಂದು ಮುಂದಿನ ಜನಗಣತಿಗಳನ್ನು ನೋಡಿದರೆ ಮೈಸೂರು ಸಂಸ್ಥಾನದ ಪ್ರಜಾಸಂಖ್ಯೆಯು ೧೮೭೧ರಲ್ಲಿ ೫೦,೫೫,೪೧೨ ಇದ್ದುದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಇಂತಹ ದಶಕದಲ್ಲಿ ತಿಂಗಳಿಗೆ ಇಷ್ಟು ಸಂಬಳ, ಇಷ್ಟು ಅಕ್ಕಿ ಎಂದು ಬರೆದುಕೊಡುವ ಕಾಗದವು ಚಿಕ್ಕ ವಸ್ತುವಲ್ಲ.

೪

ಕರಾರಿನ ಅವಧಿ ಐದು ವರ್ಷ. ನೆಟಾಲಿನಲ್ಲಿ ಗಂಡಾಳಿಗೆ ಮೊದಲ ವರ್ಷ ತಿಂಗಳಿಗೆ ೧೦ ಷಿಲಿಂಗು. ವರ್ಷಕ್ಕೊಂದು ಷಿಲಿಂಗಿನಂತೆ ಏರಿ ಐದನೆಯ ವರ್ಷ ೧೪ ಷಿಲಿಂಗು. ಕರಾರು ತೀರಿದ ಮೇಲೆ ಇನ್ನೂ ಐದು ವರ್ಷ ಅಲ್ಲಿಯೇ ಇದ್ದವನಿಗೆ ಹಡಗಿನ ವೆಚ್ಚವಿಲ್ಲದೆ ಊರಿಗೆ ಮರಳುವ ಹಕ್ಕು ಉಂಟಾಗುತ್ತಿದ್ದಿತು. ಫಿಜಿಯಲ್ಲಿಯೂ ಕ್ರಮವು ಬಹುಮಟ್ಟಿಗೆ ಇದೇ.

ಈ ಹತ್ತು ವರ್ಷಗಳ ಲೆಕ್ಕವನ್ನು ವಾಚಕರು ಗಮನಿಸಬೇಕು. ಇಪ್ಪತ್ತೈದರ ವಯಸ್ಸಿನಲ್ಲಿ ಹೊರಟವನಿಗೆ ಮೂವತ್ತೈದಾಗುವವರೆಗೆ ಮರಳುವ ದಾರಿಯು ತನ್ನ ಕೈಯ ಹಣದಿಂದಲ್ಲದೆ ತೆರೆಯದು. ಆ ಹೊತ್ತಿಗೆ ಅವನಿಗೆ ಅಲ್ಲಿ ಮಕ್ಕಳಾಗಿರುತ್ತವೆ; ಇಲ್ಲಿ ತಂದೆತಾಯಿಗಳು ತೀರಿಕೊಂಡಿರಬಹುದು, ಹೊಲವು ಅಣ್ಣತಮ್ಮಂದಿರ ಹೆಸರಿಗೆ ಆಗಿರಬಹುದು. ಮರಳುವ ಹಕ್ಕು ಬರುವ ಕಾಲವೂ ಮರಳಲು ಕಾರಣಗಳು ಸಡಿಲವಾಗುವ ಕಾಲವೂ ಒಂದೇ ಆಗಿದ್ದುವು. ಆದರೂ ಅನೇಕರು ಮರಳಿದರು. ಫಿಜಿಗೆ ಹೋದ ಸುಮಾರು ೬೧ ಸಾವಿರ ಮಂದಿಯಲ್ಲಿ ಹತ್ತರಲ್ಲಿ ನಾಲ್ವರಂತೆ ಹಿಂದಿರುಗಿದರೆಂದು ಲೆಕ್ಕವಿದೆ.

ಮರಳಿದವರ ಮಾತಿಗೆ ಕೆಲವು ವೇಳೆ ಬಲವೂ ಇದ್ದಿತು. ನೆಟಾಲಿನಿಂದ ೧೮೭೧ರಲ್ಲಿ ಮದರಾಸಿಗೆ ಬಂದಿಳಿದ ಮೊದಲ ತಂಡದವರು ತಮಗೆ ಸಲ್ಲಬೇಕಾದ ಕೂಲಿ ಸಲ್ಲಲಿಲ್ಲವೆಂದೂ ಹೊಡೆತಗಳನ್ನು ತಿಂದೆವೆಂದೂ ಅಧಿಕಾರಿಗಳ ಮುಂದೆ ದೂರಿಟ್ಟರು. ಅದರಿಂದ ೧೮೭೨ರಲ್ಲಿ ನೆಟಾಲಿನಲ್ಲಿ ವಿಚಾರಣಾ ಆಯೋಗವು ಕುಳಿತಿತು; ೧೮೬೬ರಲ್ಲಿ ನಿಂತಿದ್ದ ಸಾಗಣೆಯು ೧೮೭೪ರವರೆಗೆ ಮತ್ತೆ ಆರಂಭವಾಗಲಿಲ್ಲ. ಅಕ್ಷರವರಿಯದ ಕೂಲಿಗಳು ತಮ್ಮ ಮರಳುವಿಕೆಯಿಂದಲೇ ಸರ್ಕಾರಗಳೆರಡನ್ನು ಪ್ರಶ್ನೆ ಕೇಳಿದಂತಾಯಿತು.

ಮರಳುವ ನಿಶ್ಚಯವನ್ನು ಆಳುವವರೇ ಮಾಡಿಸುವ ಕಾಲವು ಅನಂತರ ಬಂದಿತು. ನೆಟಾಲಿನ ೧೮೯೫ರ ಕಾನೂನಿನ ಪ್ರಕಾರ ಕರಾರು ತೀರಿದವನಿಗೆ ಉಳಿದ ದಾರಿಗಳು ಮೂರು: ಮತ್ತೆ ಕರಾರಿಗೆ ಒಳಪಡುವುದು, ಭಾರತಕ್ಕೆ ಮರಳುವುದು, ಅಥವಾ ವರ್ಷಕ್ಕೆ ಮೂರು ಪೌಂಡು ತಲೆಗಂದಾಯ ತೆರುವುದು. ಮೊದಲ ವರ್ಷದ ಕೂಲಿಯೆಲ್ಲ ಸೇರಿದರೆ ಆರು ಪೌಂಡು. ಕಂದಾಯವು ಅದರ ಅರ್ಧ. ಈ ಸ್ಥಿತಿಯಲ್ಲಿ ಹಡಗು ಹತ್ತಿದವನನ್ನು ‘ಊರಿಗೆ ಮರಳಲು ಮನಸ್ಸು ಮಾಡಿದವನು’ ಎಂದು ದಾಖಲೆಯಲ್ಲಿ ಬರೆಯಬಹುದು. ಆ ಮನಸ್ಸಿನಲ್ಲಿ ಅವನ ಪಾಲೆಷ್ಟು, ಕಾನೂನಿನ ಪಾಲೆಷ್ಟು ಎಂಬುದನ್ನು ಓದುವವನು ತಾನೇ ಬಿಡಿಸಿಕೊಳ್ಳಬೇಕು. ಗಾಂಧೀಜಿಯವರ ನೇತೃತ್ವದಲ್ಲಿ ೧೯೧೩ರಲ್ಲಿ ನಡೆದ ಮುಷ್ಕರದ ಫಲವಾಗಿ ೧೯೧೪ರಲ್ಲಿ ಈ ಕಂದಾಯವು ರದ್ದಾಯಿತು. ಆದರೆ ಅದೇ ಶಾಸನವು, ಅಲ್ಲಿಯ ವಾಸದ ಹಕ್ಕನ್ನು ಬಿಟ್ಟುಕೊಡುವವರಿಗೆ ಬಿಟ್ಟಿ ಹಡಗು ದೊರೆಯಲೆಂದೂ ವಿಧಿಸಿತು.

೫

೧೯೨೭ರಲ್ಲಿ ಭಾರತ ಸರ್ಕಾರಕ್ಕೂ ದಕ್ಷಿಣ ಆಫ್ರಿಕ ಸರ್ಕಾರಕ್ಕೂ ಕೇಪ್‌ಟೌನಿನಲ್ಲಿ ಒಂದು ಒಡಂಬಡಿಕೆಯಾಯಿತು. ಅದರಂತೆ ಸ್ವಂತ ಇಚ್ಛೆಯಿಂದ ಭಾರತಕ್ಕೆ ಮರಳುವ ಪ್ರಾಪ್ತವಯಸ್ಕರಿಗೆ ತಲಾ ೨೦ ಪೌಂಡೂ ಮಕ್ಕಳಿಗೆ ೧೦ ಪೌಂಡೂ ಕೊಡುವುದೆಂದಾಯಿತು. ಮರಳಿದವನು ಮನಸ್ಸು ಬದಲಿಸಿದರೆ ಒಂದು ವರ್ಷವಾದ ಮೇಲೆ ಮೂರು ವರ್ಷಗಳೊಳಗಾಗಿ ತಿರುಗಿ ಹೋಗಬಹುದು. ಆದರೆ ಕೊಟ್ಟ ಹಣವನ್ನೂ ಹಡಗಿನ ವೆಚ್ಚವನ್ನೂ ಮೊದಲು ಹಿಂದಕ್ಕೆ ಕಟ್ಟಬೇಕು.

ರೂಪಾಯಿಗೆ ಒಂದು ಷಿಲಿಂಗು ಆರು ಪೆನ್ಸಿನ ಅಂದಿನ ದರದಂತೆ ೨೦ ಪೌಂಡೆಂದರೆ ೨೬೬ ರೂಪಾಯಿ ಚಿಲ್ಲರೆ. ಡರ್ಬನ್ನಿನ ಬೀದಿಯಲ್ಲಿ ನಿಂತು ಊರಿನ ನೆನಪಿನೊಡನೆ ಗುಣಿಸಿದರೆ ಅದು ಒಂದು ಜೊತೆ ಎತ್ತು, ಒಂದು ತುಂಡು ಹೊಲ, ಮಗಳ ಮದುವೆ. ಮದರಾಸಿನಲ್ಲಿ ಇಳಿದ ಮೇಲೆ ಅದು ಕೆಲಸವಿಲ್ಲದ ಕೆಲವು ತಿಂಗಳುಗಳ ಊಟ. ಕೂಲಿಯ ಮಟ್ಟವು ಅಲ್ಲಿಗಿಂತ ಇಲ್ಲಿ ಎಷ್ಟೋ ಕಡಮೆ. ಅಲ್ಲಿ ಕಲಿತ ಸಕ್ಕರೆ ಕಾರ್ಖಾನೆಯ ಕೆಲಸವೋ ಹೋಟೆಲಿನ ಕೆಲಸವೋ ಬೈರಕೂರಿನಂತಹ ರಾಗಿ, ಹುರುಳಿಯ ಸೀಮೆಯಲ್ಲಿ ಅನ್ನ ಕೊಡುವಂತಹುದಲ್ಲ. ಹಣ ಕರಗಿದವನು ತಿರುಗಿ ಹೋಗುವ ವೆಚ್ಚವನ್ನು ಎಲ್ಲಿಂದ ಕಟ್ಟಬೇಕು? ಮೂರು ವರ್ಷಗಳ ಬಾಗಿಲು ಕಾಗದದ ಮೇಲೆ ತೆರೆದಿದ್ದು, ಕೈಯಲ್ಲಿ ಕಾಸಿಲ್ಲದವನಿಗೆ ಮುಚ್ಚಿದ್ದಿತು.

ಈ ಯೋಜನೆಯಿಂದ ಮರಳಿದವರ ಸ್ಥಿತಿಯನ್ನು ಭವಾನಿ ದಯಾಳ ಸಂನ್ಯಾಸಿಯವರೂ ಬನಾರಸೀದಾಸ ಚತುರ್ವೇದಿಯವರೂ ವಿಚಾರಿಸಿ ೧೯೩೧ರಲ್ಲಿ ವರದಿಯನ್ನು ಪ್ರಕಟಿಸಿದರು. ಮರಳಿದವರಲ್ಲಿ ಬಹುಮಂದಿ ಕಷ್ಟದಲ್ಲಿರುವರೆಂದೂ, ವಿಶೇಷವಾಗಿ ಆಫ್ರಿಕದಲ್ಲಿಯೇ ಹುಟ್ಟಿದ ಮಕ್ಕಳು ಇಲ್ಲಿ ಹೊಂದಿಕೊಳ್ಳಲಾರದೆ ಹೋದರೆಂದೂ ಅವರು ತೋರಿಸಿದರು. ಸಂನ್ಯಾಸಿಯವರು ಈ ವಿಷಯವನ್ನು ಪುಸ್ತಕದಿಂದ ಕಲಿತವರಲ್ಲ. ಅವರು ಹುಟ್ಟಿದುದು ೧೮೯೨ರಲ್ಲಿ ಜೊಹಾನೆಸ್‌ಬರ್ಗಿನಲ್ಲಿ. ೧೯೦೪ರಲ್ಲಿ ತಂದೆಯೊಡನೆ ಬಿಹಾರದ ಪೂರ್ವಿಕರ ಗ್ರಾಮಕ್ಕೆ ಬಂದು, ೧೯೧೨ರಲ್ಲಿ ಮತ್ತೆ ದಕ್ಷಿಣ ಆಫ್ರಿಕಕ್ಕೆ ಹೋದರು. ತಂದೆಗೆ ಅದು ಮರಳುವಿಕೆ. ಹನ್ನೆರಡು ವರ್ಷದ ಮಗನಿಗೆ ಅದೇ ಪರದೇಶಪ್ರಯಾಣ.

ಕಲ್ಕತ್ತೆಯ ಹಡಗುಕಟ್ಟೆಯ ಬಳಿಯ ಮಟಿಯಾಬುರ್ಜಿನಲ್ಲಿ ಇದರ ಇನ್ನೊಂದು ರೂಪವು ಕಂಡಿತು. ಫಿಜಿ, ಟ್ರಿನಿಡಾಡ್, ಗಯಾನ ಮೊದಲಾದ ಕಡೆಗಳಿಂದ ಮರಳಿದವರು ಹಳ್ಳಿಗೆ ಹೋಗಿ, ಅಲ್ಲಿ ನಿಲ್ಲಲಾರದೆ, ಬಂದ ಹಡಗೇ ತಮ್ಮನ್ನು ಮತ್ತೆ ಒಯ್ಯಲೆಂದು ರೇವಿನ ಬಳಿಯ ಗುಡಿಸಲುಗಳಲ್ಲಿ ಕಾದುಕೊಂಡಿದ್ದರು. ೧೯೨೦ರ ತರುವಾಯ ಸಿ. ಎಫ್. ಆಂಡ್ರೂಸರೂ ಚತುರ್ವೇದಿಯವರೂ ಇವರ ಪಾಡನ್ನು ಲೋಕದ ಗಮನಕ್ಕೆ ತಂದರು. ಎರಡು ದೇಶಗಳನ್ನು ಕಂಡು ಎರಡಕ್ಕೂ ಪರದೇಶಿಗಳಾದವರು ಇವರು.

೬

ಊರು ಇವರನ್ನು ಒಳಗೊಳ್ಳಲಿಲ್ಲವೇಕೆ? ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಸಮುದ್ರಯಾನದ ದೋಷ. ಬೌಧಾಯನ ಧರ್ಮಸೂತ್ರವು ಪತನೀಯಗಳನ್ನು ಎಣಿಸುವಾಗ ಸಮುದ್ರಸಂಯಾನವನ್ನು ಮೊದಲಿಗೆ ಹೇಳಿದೆ. ಶಾಸ್ತ್ರವನ್ನು ಓದದ ಜಾತಿಗಳವರೂ ಕುಲದ ಕಟ್ಟಳೆಯೆಂದು ಅದನ್ನು ಹಿಡಿದು, ಪ್ರಾಯಶ್ಚಿತ್ತ, ಕುಲದವರಿಗೆ ಊಟ, ದಂಡಗಳನ್ನು ಕೇಳುತ್ತಿದ್ದರು. ತಂದ ಹಣದ ಮೊದಲ ಪಾಲು ಅಲ್ಲಿಗೆ ಹೋಯಿತು.

ಎರಡನೆಯದು ಮದುವೆ. ನೂರು ಗಂಡಸರಿಗೆ ನಲವತ್ತು ಹೆಂಗಸರಂತೆ ಸಾಗಿಸುವುದು ನಿಯಮವಾಗಿದ್ದಿತು. ತೋಟದ ಸಾಲುಮನೆಗಳಲ್ಲಿ ಜಾತಿ, ಭಾಷೆಗಳನ್ನು ನೋಡದೆ ಸಂಸಾರಗಳು ಕೂಡಿದುವು. ಹಿಂದೂ ಮುಸಲ್ಮಾನ ಪದ್ಧತಿಯ ಮದುವೆಗಳು ಕಾನೂನಿಗೆ ಸಲ್ಲವೆಂದು ೧೯೧೩ರಲ್ಲಿ ಕೇಪಿನ ನ್ಯಾಯಾಲಯವು ತೀರ್ಪಿತ್ತಾಗ ಭಾರತೀಯ ಸ್ತ್ರೀಯರು ಸತ್ಯಾಗ್ರಹಕ್ಕಿಳಿದರು. ಅದೇ ಸಂಸಾರಗಳು ಊರಿಗೆ ಬಂದರೆ ಅವುಗಳನ್ನು ಒಪ್ಪದವರು ಕುಲದ ಯಜಮಾನರು. ಅಲ್ಲಿ ಹೆಂಡತಿಯಲ್ಲವೆಂದವನು ಬಿಳಿಯ ನ್ಯಾಯಾಧೀಶ. ಇಲ್ಲಿ ಹೆಂಡತಿಯಲ್ಲವೆಂದವನು ಸ್ವಂತ ದೊಡ್ಡಪ್ಪ.

ಮೂರನೆಯದು ಹೇಳುವುದಕ್ಕೆ ಎಲ್ಲಕ್ಕಿಂತ ಕಷ್ಟವಾದುದು. ಹಡಗು ಹತ್ತಿದವರಲ್ಲಿ ಊರಾಚೆಯ ಕೇರಿಗಳವರು ಬಹುಮಂದಿ. ಹಡಗಿನಲ್ಲಿ ಎಲ್ಲರಿಗೂ ಒಂದೇ ಅಡುಗೆ, ಒಂದೇ ನೀರು. ತೋಟದಲ್ಲಿ ಮೇಸ್ತ್ರಿಯ ಚಾವಟಿ ಎಲ್ಲರ ಬೆನ್ನಿಗೂ ಒಂದೇ. ಆ ಕ್ರೌರ್ಯದ ನಡುವೆಯೂ ಅಸ್ಪೃಶ್ಯತೆಯ ಹೊರೆ ಅವರ ತಲೆಯಿಂದ ಅಷ್ಟಿಷ್ಟು ಇಳಿದಿತ್ತು. ಮರಳಿದ ದಿನವೇ ಅವರ ಮಕ್ಕಳಿಗೆ ಯಾವ ಬಾವಿ ಮುಟ್ಟಬಾರದು, ಯಾವ ಬೀದಿಯಲ್ಲಿ ಕೆರ ಮೆಟ್ಟಬಾರದು ಎಂಬುದನ್ನು ಹೊಸದಾಗಿ ಕಲಿಸಬೇಕಾಯಿತು. ಊರಿಗೆ ಮರಳುವುದೆಂಬ ಸಿಹಿಮಾತು ಎಲ್ಲರ ಬಾಯಿಗೂ ಒಂದೇ ರುಚಿಯಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

೭

ಸಾಹಿತ್ಯದ ಕಡೆಗೆ ತಿರುಗಿದರೆ, ಊರಿನ ಹಂಬಲಕ್ಕೆ ಕನ್ನಡದಲ್ಲಿ ಕೊರತೆಯಿಲ್ಲ. ಪಂಪನು ವಿಕ್ರಮಾರ್ಜುನವಿಜಯದಲ್ಲಿ ಅರ್ಜುನನ ಬಾಯಿಂದ ಬನವಾಸಿಯನ್ನು ಹೊಗಳಿಸಿದ ಪದ್ಯಗಳನ್ನು ಪಾಠ ಹೇಳದ ಉಪಾಧ್ಯಾಯರಿಲ್ಲ. ಆದರೆ ಆ ಪದ್ಯಗಳು ನೆನೆಯುವವನ ಮಾತು. ತಲಪಿದವನ ಮಾತು ಬೇರೆ. ಅದನ್ನು ಹೇಳಿದ ಕೃತಿಗಳಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಮುಖ್ಯವಾದುದು. ಮೂರು ತಲೆಮಾರುಗಳ ಆ ಕಥೆಯಲ್ಲಿ ಮೂರನೆಯವನಾದ ರಾಮನು ಮದರಾಸಿನಲ್ಲಿ ಓದಿ, ಮುಂಬಯಿಯಲ್ಲಿ ಜೀವನವನ್ನು ಅರಸಿ, ಅಲ್ಲಿ ನೆಲೆಗಾಣದೆ ಕಡಲತೀರದ ತನ್ನ ಹಳ್ಳಿಗೆ ಬರುತ್ತಾನೆ. ಮುಂಬಯಿ ಕಡಲಾಚೆಯದಲ್ಲ, ಆದರೂ ಸೋತು ಮರಳುವವನ ಮನಸ್ಸಿನ ಕ್ರಮವನ್ನು ಅರಿಯಲು ಅದು ಸಾಕು. ಅವನು ಮರಳಲು ಸಾಧ್ಯವಾದುದೇಕೆಂದರೆ ಊರಿನಲ್ಲಿ ತಾಯಿ ನಾಗವೇಣಿ ಬದುಕಿದ್ದಳು, ದುಡಿದರೆ ಬೆಳೆಯುವ ನೆಲವಿದ್ದಿತು. ಮಟಿಯಾಬುರ್ಜಿನವರಿಗೆ ಇವೆರಡೂ ಇರಲಿಲ್ಲ.

ಹಿಂದಿಯಲ್ಲಿ ಮರಳಿದ ಕೂಲಿಯ ಬಾಯಿಯ ಮಾತೇ ಗ್ರಂಥವಾಯಿತು. ೧೮೯೩ರಲ್ಲಿ ಫಿಜಿಗೆ ಹೋದ ತೋತಾರಾಮ ಸನಾಢ್ಯರು ಇಪ್ಪತ್ತೊಂದು ವರ್ಷಗಳ ಮೇಲೆ ಹಿಂದಿರುಗಿ, ೧೯೧೪ರಲ್ಲಿ ಚತುರ್ವೇದಿಯವರ ಸಹಾಯದಿಂದ ತಮ್ಮ ಅನುಭವವನ್ನು ಪ್ರಕಟಿಸಿದರು. ಗಿರ್ಮಿಟಿನ ವಿರುದ್ಧವಾದ ಚಳವಳಕ್ಕೆ ಅದು ಬಲವಾದ ಸಾಕ್ಷ್ಯವಾಯಿತು. ೧೯೧೭ರಲ್ಲಿ ಆಳು ಕೂಡಿಸುವುದು ನಿಂತು, ೧೯೨೦ರ ಆರಂಭಕ್ಕೆ ಕರಾರುಗಳೆಲ್ಲ ರದ್ದಾದುವು. ಸನಾಢ್ಯರು ಕೊನೆಗೆ ನೆಲೆಸಿದುದು ಸಾಬರಮತಿಯ ಆಶ್ರಮದಲ್ಲಿ.

ಮುಳಬಾಗಿಲು ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಕಥೆಯೊಂದಿದೆ. ಅದೇ ತಾಲ್ಲೂಕಿನ ಆವಣಿಯ ಬೆಟ್ಟವೇ ವಾಲ್ಮೀಕಿಯ ಆಶ್ರಮವೆಂದೂ ಸೀತೆಯು ಕುಶಲವರನ್ನು ಹಡೆದುದು ಅಲ್ಲಿಯೇ ಎಂದೂ ಸ್ಥಳಪುರಾಣ. ಆ ಮಕ್ಕಳು ತಾವೆಂದೂ ಕಾಣದ ಅಯೋಧ್ಯೆಗೆ ‘ಮರಳಿದರು’. ಅಲ್ಲಿಂದ ಬಂದಿದ್ದ ತಾಯಿ ಮರಳಲಿಲ್ಲ, ಭೂಮಿಯನ್ನು ಸೇರಿದಳು. ಊರೆಂಬುದು ಕರೆದರೆ ಸಾಲದು, ಪರೀಕ್ಷೆಯಿಲ್ಲದೆ ಒಳಗೊಳ್ಳಬೇಕೆಂಬ ಮಾತನ್ನು ನಮ್ಮ ಜನ ಬಹುಕಾಲದಿಂದ ಆ ಬೆಟ್ಟದ ಮೇಲೆ ನೋಡುತ್ತಿದ್ದಾರೆ.

೮

ಇದು ಮುಗಿದ ಅಧ್ಯಾಯವಲ್ಲ. ೧೯೬೪ರ ಒಪ್ಪಂದದಂತೆ ಸಿಂಹಳದ ತೋಟಗಳಲ್ಲಿದ್ದ ೫,೨೫,೦೦೦ ಭಾರತೀಯ ಮೂಲದವರನ್ನು ಭಾರತವು ಸ್ವೀಕರಿಸಲೊಪ್ಪಿತು. ಅವರಲ್ಲಿ ಕೆಲವು ಕುಟುಂಬಗಳು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ನೆಲೆಗೊಂಡುವು. ತಮಿಳು ಮನೆಮಾತಿನ ಆ ಜನಕ್ಕೆ ಕನ್ನಡನಾಡು ಪೂರ್ವಿಕರ ಊರಲ್ಲ. ಆದರೂ ಬಂದೊಡನೆ ಕೆಲಸವಿದ್ದುದರಿಂದಲೂ, ಒಟ್ಟಿಗೆ ಇರಲು ಮನೆಗಳಿದ್ದುದರಿಂದಲೂ ಅವರು ಬೇರೂರಲು ಸಾಧ್ಯವಾಯಿತು. ೧೯೯೦ರಲ್ಲಿ ಕುವೈತಿನ ಮೇಲೆ ಇರಾಕು ಬಿದ್ದಾಗ ಲಕ್ಷಕ್ಕೂ ಮೇಲ್ಪಟ್ಟ ಭಾರತೀಯರು ವಿಮಾನಗಳಲ್ಲಿ ಮರಳಿದರು. ೨೦೨೦ರ ಮಹಾಮಾರಿಯ ಕಾಲದಲ್ಲಿಯೂ ಹಾಗೆಯೇ ಆಯಿತು. ವಾಹನ ಬದಲಾಗಿದೆ. ತೆಗೆದುಕೊಂಡ ಸಾಲ, ಊರಿನವರ ಕಣ್ಣು, ಮಕ್ಕಳ ಶಾಲೆ ಎಂಬ ಮೂರು ಪ್ರಶ್ನೆಗಳು ಬದಲಾಗಿಲ್ಲ.

ಈ ಉದಾಹರಣೆಗಳಿಂದ ಒಂದು ತತ್ತ್ವವನ್ನು ಎತ್ತಬಹುದು. ‘ಮರಳಿ’ ಎಂಬ ನಮ್ಮ ಅವ್ಯಯಕ್ಕೆ ಎರಡು ಅರ್ಥಗಳಿವೆ. ‘ಮರಳಿ ಬಂದನು’ ಎಂದರೆ ಹಿಂದಕ್ಕೆ ಬಂದನು. ‘ಮರಳಿ ಹೇಳು’ ಎಂದರೆ ಇನ್ನೊಮ್ಮೆ ಹೇಳು. ಮೊದಲನೆಯ ಅರ್ಥವನ್ನೇ ನಂಬಿ, ಬಿಟ್ಟುಹೋದ ದಿನ ಇದ್ದ ಊರು ಇದ್ದಂತೆಯೇ ಕಾದಿದೆಯೆಂದು ಬಂದವರು ಹೆಚ್ಚಾಗಿ ಸೋತರು. ಎರಡನೆಯ ಅರ್ಥದಲ್ಲಿ, ಎಂದರೆ ಬದುಕನ್ನು ಇನ್ನೊಮ್ಮೆ ಹೂಡುವುದೆಂದು ಬಂದವರಿಗೂ ಹಾಗೆ ಹೂಡಲು ನೆಲ, ಕೆಲಸ, ನೆರವುಗಳು ದೊರೆತವರಿಗೂ ಊರು ದೊರೆಯಿತು. ಮರಳುವ ನಿಶ್ಚಯವು ಮರಳುವವನದು. ಅದು ಫಲಿಸುವುದು ಮಾತ್ರ ಊರಿನ ಕೈಯಲ್ಲಿ.

ಕೊನೆಯದಾಗಿ, ಸಾಹಿತ್ಯದ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಹಡಗಿನ ಪಟ್ಟಿಗಳು ದಕ್ಷಿಣ ಆಫ್ರಿಕದಲ್ಲಿವೆ. ಮರಳಿದವರ ಪಟ್ಟಿಯಾದರೋ ನಮ್ಮ ಮುದುಕಿಯರ ನೆನಪಿನಲ್ಲಿದೆ. ಬೈರಕೂರು, ನಂಗಲಿ, ತಾಯಲೂರುಗಳಂತಹ ಗಡಿಯ ಊರುಗಳಲ್ಲಿ ಯಾವ ಮನೆಗೆ ಯಾವ ಅಡ್ಡಹೆಸರು ಏಕೆ ಬಂದಿತು, ಯಾವ ತಲೆಮಾರಿನವನು ‘ತೋಟಕ್ಕೆ ಹೋಗಿ ಬಂದವನು’ ಎನಿಸಿಕೊಂಡನು, ಬೀಸುವ ಕಲ್ಲಿನ ಪದಗಳಲ್ಲಿ ಹಡಗಿನ ಮಾತು ಇದೆಯೇ ಎಂದು ವಿದ್ಯಾರ್ಥಿಗಳಿಂದ ಕೇಳಿಸಿ ಬರೆಯಿಸಬಹುದು. ಕನ್ನಡವನ್ನೂ ತೆಲುಗನ್ನೂ ಬಲ್ಲ ವಿದ್ಯಾರ್ಥಿಗಳು ಅಲ್ಲಿ ಇರುವುದರಿಂದ ಈ ಕೆಲಸಕ್ಕೆ ಅವರಿಗಿಂತ ಯೋಗ್ಯರು ಸಿಕ್ಕರು. ಬದುಕಿದ್ದಾಗ ಊರು ಯಾರನ್ನು ಪೂರ್ಣವಾಗಿ ಒಳಗೊಳ್ಳಲಿಲ್ಲವೋ ಅವರ ಹೆಸರುಗಳಾದರೂ ಮೂಡಲ ಬಾಗಿಲಿನಿಂದ ಒಳಕ್ಕೆ ಬರಲಿ.